ಹಳೆ ಫೋನಿಗೆ ಯಾವ ಆ್ಯಪ್, ಯಾವ ಕೆಲಸಕ್ಕೆ ಯಾವ ಫೋನ್: ಕಾಸರಗೋಡಿನ ಮನೆಗಳಿಗೊಂದು ಹೋಲಿಕೆ

ಕಾಸರಗೋಡಿನ ನಮ್ಮ ಕಡೆ ಒಂದೇ ಮನೆಯ ಫೋನುಗಳು ಒಂದೇ ಥರ ಇರುವುದಿಲ್ಲ. ದುಬೈಯಲ್ಲಿರುವ ಮಗ ತಾನು ಉಪಯೋಗಿಸಿ ಬಿಟ್ಟ ಐಫೋನನ್ನು ಅಪ್ಪನಿಗೆ ಕಳಿಸಿರುತ್ತಾನೆ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮಕ್ಕಳಿಗೆ ತೆಗೆದ ಆಂಡ್ರಾಯ್ಡ್ ಫೋನ್ ಈಗ ಅಮ್ಮನ ಕೈಯಲ್ಲಿ. ಅಜ್ಜನ ಹತ್ತಿರ ಕೀಪ್ಯಾಡ್ ಫೋನ್. ಮಂಗಳೂರಿಗೆ ದಿನಾ ಕಾಲೇಜಿಗೆ ಹೋಗುವ ಮಗಳದ್ದು ಮಾತ್ರ ಹೊಸದು. ಇಷ್ಟೂ ಜನ ಒಬ್ಬರಿಗೊಬ್ಬರು ಮಾತಾಡಬೇಕು, ಫೋಟೋ ಕಳಿಸಬೇಕು, ಕರೆಂಟ್ ಬಿಲ್ ಕಟ್ಟಬೇಕು, ಅಡಿಕೆ ಕೊಟ್ಟ ದುಡ್ಡು ಬಂತಾ ನೋಡಬೇಕು.

ಹಾಗಿರುವಾಗ ಒಂದು ದಿನ ಅಮ್ಮನ ಫೋನಿನಲ್ಲಿ ‘ಈ ಆ್ಯಪ್ ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ’ ಎಂದು ಬರುತ್ತದೆ. ಅಂಗಡಿಗೆ ಹೋದರೆ ಹೊಸ ಫೋನ್ ತೆಗೆಯಿರಿ ಅನ್ನುತ್ತಾರೆ. ಕೆಲವೊಮ್ಮೆ ಅದು ಸರಿಯೇ. ಆದರೆ ಎಷ್ಟೋ ಸಲ ಬೇಕಾಗಿಲ್ಲ. ಯಾವಾಗ ಬೇಕು, ಯಾವಾಗ ಬೇಡ ಎಂದು ತೀರ್ಮಾನಿಸಲು ನಾನು ಎರಡು ಅಳತೆ ಇಟ್ಟುಕೊಂಡಿದ್ದೇನೆ. ಮಾತು, ಫೋಟೋ, ಗ್ರೂಪು ಇಂಥದ್ದಕ್ಕೆ ಆ್ಯಪ್ ಆರಿಸುವಾಗ ಮನೆಯ ಅತಿ ಹಳೆಯ ಫೋನನ್ನು ನೋಡಬೇಕು. ಅದರಲ್ಲಿ ಓಡುವ ಆ್ಯಪ್ಪೇ ಎಲ್ಲರಿಗೂ ಸರಿ. ದುಡ್ಡಿನ ಆ್ಯಪಿಗೆ ಇದರ ಉಲ್ಟಾ. ಅದನ್ನು ಮನೆಯಲ್ಲಿ ಈಗಲೂ ಅಪ್‌ಡೇಟ್ ಬರುತ್ತಿರುವ ಫೋನಿನಲ್ಲಿ ಮಾತ್ರ ಇಡಬೇಕು.

ಮೊದಲು ನಂಬರ್ ನೋಡಿ

ಫೋನ್ ಯಾವ ವರ್ಷ ತೆಗೆದದ್ದು ಎಂಬುದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಒಳಗಿರುವ, ಫೋನನ್ನು ನಡೆಸುವ ಮೂಲ ತಂತ್ರಾಂಶವಾದ ಓಎಸ್‌ನ ನಂಬರ್ ಬೇಕು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್ ತೆರೆದು ತೀರಾ ಕೆಳಗೆ ಹೋಗಿ, ‘ಅಬೌಟ್ ಫೋನ್’ ಒತ್ತಿ. ಅಲ್ಲಿ ಆಂಡ್ರಾಯ್ಡ್ ವರ್ಷನ್ ಎಂಬ ಸಾಲು ಇರುತ್ತದೆ. ಆಂಡ್ರಾಯ್ಡ್ 6ರಿಂದ ಮೇಲಿನ ಫೋನುಗಳಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಯಾವ ತಾರೀಕಿನದ್ದು ಎಂದೂ ಸಿಗುತ್ತದೆ. ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್. ಸೆಕೆಂಡ್ ಹ್ಯಾಂಡ್ ತೆಗೆದ ಫೋನ್ ಮಲಯಾಳಂನಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ಹಲ್ಲಿನ ಚಕ್ರದ ಗುರುತು ಹುಡುಕಿ. ಅದೇ ಸೆಟ್ಟಿಂಗ್ಸ್.

ಈ ನಂಬರುಗಳಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ. ಆಂಡ್ರಾಯ್ಡ್‌ನಲ್ಲಿ ನಾಲ್ಕು ಗಡಿಗಳು ಮುಖ್ಯ.

ಮೊದಲನೆಯದು 5. ಇದು 2014ರಲ್ಲಿ ಬಂತು. ಆ್ಯಪುಗಳ ಒಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ ಎಂಬ ಭಾಗ ಅಲ್ಲಿಯವರೆಗೆ ಓಎಸ್ ಜೊತೆ ಅಂಟಿಕೊಂಡಿತ್ತು. ಆಂಡ್ರಾಯ್ಡ್ 5ರಿಂದ ಅದು ಪ್ಲೇ ಸ್ಟೋರ್ ಮೂಲಕ ಬೇರೆಯಾಗಿ ಅಪ್‌ಡೇಟ್ ಆಗತೊಡಗಿತು. ಈಗಿನ ಜಾಲತಾಣಗಳು ಕೇಳುವ ಟಿಎಲ್‌ಎಸ್ 1.2 ಎಂಬ ಭದ್ರತೆ ಕೂಡ 5ರಿಂದ ತಾನಾಗಿಯೇ ಚಾಲೂ ಇರುತ್ತದೆ. ಕನ್ನಡವನ್ನೇ ಫೋನಿನ ಭಾಷೆಯಾಗಿ ಇಟ್ಟುಕೊಳ್ಳುವ ಸೌಲಭ್ಯ ಬಂದದ್ದೂ ಅದರಲ್ಲೇ. ವಾಟ್ಸಾಪ್ 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5ಕ್ಕಿಂತ ಕೆಳಗಿನ ಫೋನುಗಳನ್ನು ಕೈಬಿಟ್ಟಿತು. ಹಾಗಾಗಿ 4.4 ಅಥವಾ ಅದಕ್ಕಿಂತ ಹಳೆಯದು ನಿಮ್ಮ ಚೀಟಿಯಲ್ಲಿದ್ದರೆ ಅದರ ಮೇಲೆ ದುಡ್ಡು ಹಾಕಬೇಡಿ. ಹಾಡು ಕೇಳಲು, ಅಲಾರಂ ಇಡಲು ಇರಲಿ.

ಎರಡನೆಯದು 7.1.1. ಇದರ ಕತೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ತುಂಬಾ ಜನರಿಗೆ ಕಾಡುವ ತೊಂದರೆ ಇದು.

ಹಳೆ ಫೋನಿನಲ್ಲಿ ಯಾವುದೋ ಜಾಲತಾಣ ತೆರೆಯುತ್ತೀರಿ. ಪುಟ ಬರುವುದಿಲ್ಲ. ಕೆಂಪು ತ್ರಿಕೋನ, ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ. ಪಕ್ಕದಲ್ಲಿ ಕೂತ ಮಗಳ ಫೋನಿನಲ್ಲಿ ಅದೇ ಪುಟ ಸರಾಗವಾಗಿ ತೆರೆಯುತ್ತದೆ. ನೆಟ್ ಸರಿ ಇದೆ, ಜಾಲತಾಣವೂ ಸರಿ ಇದೆ. ಕೈಕೊಟ್ಟದ್ದು ಫೋನಿನೊಳಗಿನ ನಂಬಿಕೆಯ ಪಟ್ಟಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೋಟಿಗಟ್ಟಲೆ ಜಾಲತಾಣಗಳಿಗೆ ಪುಕ್ಕಟೆಯಾಗಿ ಭದ್ರತಾ ಪ್ರಮಾಣಪತ್ರ ಕೊಡುತ್ತದೆ. ಅದರ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ರಿಂದ ಮಾತ್ರ ಫೋನಿನ ಪಟ್ಟಿಯಲ್ಲಿದೆ. ಅದಕ್ಕಿಂತ ಹಳೆಯ ಫೋನುಗಳು ಇನ್ನೊಂದು ಸಂಸ್ಥೆಯ ಸಹಿಯ ಬಲದಲ್ಲಿ ಅದನ್ನು ನಂಬುತ್ತಿದ್ದವು. ಆ ಇನ್ನೊಂದರ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹಳೆ ಆಂಡ್ರಾಯ್ಡ್‌ಗಳಿಗಾಗಿ ವಿಶೇಷ ವ್ಯವಸ್ಥೆ ಮಾಡಿ ಮೂರು ವರ್ಷ ದಿನ ದೂಡಿದರು. 2024ರ ಸೆಪ್ಟೆಂಬರ್ ಕೊನೆಗೆ ಅದೂ ಮುಗಿಯಿತು.

ಇದಕ್ಕೆ ಮದ್ದು ಇದೆ. ಫೈರ್‌ಫಾಕ್ಸ್ ಬ್ರೌಸರ್ ಫೋನಿನ ಪಟ್ಟಿಯನ್ನು ನಂಬಿ ಕೂರುವುದಿಲ್ಲ, ತನ್ನದೇ ಪಟ್ಟಿ ಹೊತ್ತು ತರುತ್ತದೆ. ಹಳೆ ಫೋನಿಗೆ ಸಿಗುವ ಫೈರ್‌ಫಾಕ್ಸ್ ಹಳೆ ವರ್ಷನ್ ಆದರೂ ಈ ಒಂದು ತೊಂದರೆಯನ್ನು ಅದು ದಾಟಿಸುತ್ತದೆ. ಆದರೆ ಅದಕ್ಕೂ ಮೊದಲು ಫೋನಿನ ತಾರೀಕು ನೋಡಿ. ಬ್ಯಾಟರಿ ಪೂರ್ತಿ ಖಾಲಿಯಾಗಿ ಬಿದ್ದಿದ್ದ ಫೋನು ಯಾವುದೋ ಹಳೆ ವರ್ಷಕ್ಕೆ ಹೋಗಿ ಕೂತಿರುತ್ತದೆ. ಆಗಲೂ ಇದೇ ಕೆಂಪು ತ್ರಿಕೋನ ಬರುತ್ತದೆ. ತಾರೀಕು ಸರಿ ಮಾಡಿದರೆ ಕೆಲಸ ಮುಗಿಯಿತು.

ಮೂರನೆಯದು 9. ಇದನ್ನು ಫೋಟೋ ಮಾತು ಬಂದಾಗ ಹೇಳುತ್ತೇನೆ. ನಾಲ್ಕನೆಯದು 10. ಕ್ರೋಮ್ ಬ್ರೌಸರ್ 2025ರ ಆಗಸ್ಟ್‌ನಲ್ಲಿ ಬಂದ 139ನೇ ವರ್ಷನ್‌ನಿಂದ ಆಂಡ್ರಾಯ್ಡ್ 10 ಆದರೂ ಬೇಕು ಅನ್ನುತ್ತಿದೆ. 8 ಮತ್ತು 9ರ ಫೋನುಗಳಿಗೆ 138 ಕೊನೆ. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ತೆಗೆದ ಫೋನುಗಳಲ್ಲಿ 9 ಇದ್ದದ್ದು ಬಹಳ. ಅವು ಈಗ ಈ ಗಡಿಯ ಆಚೆ ಬಿದ್ದಿವೆ. ನಾಳೆಯೇ ಏನೂ ನಿಲ್ಲುವುದಿಲ್ಲ, ಆದರೆ ಬ್ರೌಸರಿನಲ್ಲಿ ಸಿಗುವ ಹೊಸ ತೂತುಗಳನ್ನು ಅವುಗಳಲ್ಲಿ ಮುಚ್ಚುವವರಿಲ್ಲ.

ಐಫೋನಿಗೆ ಲೆಕ್ಕ ಸುಲಭ, ಮಾಡೆಲ್ ಹೇಳಿದರೆ ಸಾಕು. ಐಫೋನಿನ ಓಎಸ್ ಹೆಸರು ಐಓಎಸ್. ಐಫೋನ್ 6 ಐಓಎಸ್ 12ರಲ್ಲಿ ನಿಂತಿತು. 6ಎಸ್ ಮತ್ತು 7 ಹದಿನೈದರಲ್ಲಿ. 8 ಮತ್ತು ಎಕ್ಸ್ ಹದಿನಾರರಲ್ಲಿ. ಎಕ್ಸ್‌ಆರ್, ಎಕ್ಸ್‌ಎಸ್ ಹದಿನೆಂಟರಲ್ಲಿ. ಆಮೇಲೆ ಆಪಲ್ ನಂಬರ್ ಹಾರಿಸಿ 2025ರಲ್ಲಿ 26 ಎಂದು ಕರೆಯಿತು. ಅದಕ್ಕೆ ಐಫೋನ್ 11 ಅಥವಾ ಅದರ ನಂತರದ್ದು ಬೇಕು. ವಾಟ್ಸಾಪ್ 2025ರ ಮೇ ತಿಂಗಳಿನಿಂದ ಐಓಎಸ್ 15.1 ಕೇಳುತ್ತಿದೆ. ಹಾಗಾಗಿ 5ಎಸ್, 6, 6 ಪ್ಲಸ್ ಹೊರಗೆ. ಅದೇ 2015ರ ಐಫೋನ್ 6ಎಸ್ ಒಳಗೆ. ಆಯುಷ್ಯದ ವಿಷಯದಲ್ಲಿ ಐಫೋನಿಗೆ ಮಾರ್ಕು ಜಾಸ್ತಿ ಕೊಡಲೇಬೇಕು.

ಕಂಪನಿಗಳು ಬಿಡುವುದು ಯಾಕೆ?

ಎಲ್ಲವೂ ಹೊಸ ಫೋನ್ ಮಾರುವ ಹುನ್ನಾರ ಎಂದು ನಂಬುವವರಿದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ಈಗ ಎಷ್ಟೋ ಕಂಪನಿಗಳು ಆಂಡ್ರಾಯ್ಡ್‌ಗೊಂದು, ಐಫೋನಿಗೊಂದು ಎಂದು ಬೇರೆ ಬೇರೆ ಬರೆಯುವುದಿಲ್ಲ. ಫ್ಲಟರ್, ರಿಯಾಕ್ಟ್ ನೇಟಿವ್ ಇಂಥ ಉಪಕರಣಗಳಲ್ಲಿ ಒಮ್ಮೆ ಬರೆದು ಎರಡರಲ್ಲೂ ಓಡಿಸುತ್ತಾರೆ. ಚಿಕ್ಕ ಕಂಪನಿಗೆ, ಸಹಕಾರಿ ಸಂಸ್ಥೆಗೆ ಇದು ದೊಡ್ಡ ಉಳಿತಾಯ. ಆದರೆ ಉಪಕರಣದ ಕೆಳಗಿನ ಮಿತಿ ಏರಿದ ಕೂಡಲೇ ಅದರಲ್ಲಿ ಕಟ್ಟಿದ ಆ್ಯಪುಗಳ ಮಿತಿಯೂ ಏರುತ್ತದೆ. 2024ರ ಅಕ್ಟೋಬರಿನಲ್ಲಿ ಬಂದ ರಿಯಾಕ್ಟ್ ನೇಟಿವ್ 0.76 ಆಂಡ್ರಾಯ್ಡ್ 7 ಮತ್ತು ಐಓಎಸ್ 15.1ಕ್ಕೆ ಮಿತಿ ಏರಿಸಿತು. ಅದಕ್ಕೆ ಬದಲಾದ ಆ್ಯಪುಗಳು ಆಂಡ್ರಾಯ್ಡ್ 6ರ ಫೋನಿನಲ್ಲಿ ಹೊಸದಾಗಿ ಬರುವುದಿಲ್ಲ. ಆ್ಯಪ್ ಮಾಡಿದವರು ಆಂಡ್ರಾಯ್ಡ್ 6ನ್ನು ಬೇಡ ಎಂದು ಕೂತು ತೀರ್ಮಾನಿಸಿರಬೇಕೆಂದೇನೂ ಇಲ್ಲ.

ಆದರೂ ಸರಕಾರಿ ಕೆಲಸದ ಆ್ಯಪ್ ಮಾಡುವವರು ಇದನ್ನು ಯೋಚಿಸಲೇಬೇಕು ಎಂಬುದು ನನ್ನ ಗಟ್ಟಿ ಮಾತು. ಪಿಂಚಣಿಗೆ, ರೈತರ ಹಣಕ್ಕೆ ಬೇಕಾದ ಆ್ಯಪ್ ಯಾರ ಕೈಯಲ್ಲಿ ಓಡಬೇಕು? ಮನೆಯ ಅತಿ ಹಳೆಯ ಫೋನ್ ಯಾರ ಹತ್ತಿರ ಇರುತ್ತದೋ ಅವರ ಕೈಯಲ್ಲೇ ಅಲ್ವಾ?

ಹಳೆ ಫೋನಿನಲ್ಲೇ ಮುಂದುವರಿಯುವ ದಾರಿಗಳು

ನಾನು ಮೊದಲು ಹೇಳುವುದು ಬ್ರೌಸರ್ ದಾರಿ. ಆ್ಯಪ್ ಬೇಡ, ಜಾಲತಾಣವೇ ಸಾಕು ಅನ್ನುವ ಕೆಲಸಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಕೆಎಸ್‌ಇಬಿಯ ಕರೆಂಟ್ ಬಿಲ್ಲನ್ನು ಲಾಗಿನ್ ಕೂಡ ಇಲ್ಲದೆ ಅದರ ತಾಣದಲ್ಲಿ ಕನ್ಸ್ಯೂಮರ್ ನಂಬರ್ ಹಾಕಿ ಕಟ್ಟಬಹುದು. ಡಿಜಿಲಾಕರ್ ಬ್ರೌಸರಿನಲ್ಲಿ ತೆರೆಯುತ್ತದೆ. ಆಧಾರ್ ಪ್ರತಿ ಇಳಿಸಿಕೊಳ್ಳಬಹುದು. ಪಿಎಂ ಕಿಸಾನ್‌ನ ಇ-ಕೆವೈಸಿ ಓಟಿಪಿ ಮೂಲಕ ತಾಣದಲ್ಲೇ ಆಗುತ್ತದೆ. ಫೋನಿನಲ್ಲಿ ಜಾಗ ಕಡಿಮೆ ಇದ್ದವರಿಗೆ ಇದರಷ್ಟು ಒಳ್ಳೆಯ ದಾರಿ ಇಲ್ಲ. ಬ್ರೌಸರಿನ ಮೆನುವಿನಲ್ಲಿ ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಒತ್ತಿದರೆ ಆ್ಯಪಿನ ಹಾಗೆಯೇ ಒಂದು ಗುರುತು ಮುಂದೆ ಬಂದು ಕೂರುತ್ತದೆ. ಹಿರಿಯರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಕೊರತೆ ಏನೆಂದರೆ, ಯುಪಿಐ ಹೀಗೆ ಬ್ರೌಸರಿನಲ್ಲಿ ಓಡುವುದಿಲ್ಲ. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು; ಆ್ಯಪ್ ಅದರಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಗುರುತು ಹಿಡಿಯುತ್ತದೆ. ಮುಖ ತೋರಿಸಿ ಗುರುತು ಹಿಡಿಯುವ ಕೆಲಸಗಳಿಗೂ ಆ್ಯಪ್ ಬೇಕೇ ಬೇಕು. ಅಂಥದ್ದಕ್ಕೆ ಹಳೆ ಫೋನಿನ ಜೊತೆ ಗುದ್ದಾಡುವ ಬದಲು ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳುವುದೇ ಲೇಸು.

ಎರಡನೆಯ ದಾರಿ, ಆ್ಯಪಿನ ಹಳೆ ವರ್ಷನ್. ಐಫೋನಿನಲ್ಲಿ ಇದು ಸಲೀಸು. ಅದೇ ಆಪಲ್ ಐಡಿಯಲ್ಲಿ ಹಿಂದೊಮ್ಮೆ ತೆಗೆದುಕೊಂಡ ಆ್ಯಪ್ ಆಗಿದ್ದರೆ, ‘ನಿಮ್ಮ ಫೋನಿಗೆ ಹೊಂದುವ ಹಳೆಯದನ್ನು ಇಳಿಸಲೇ’ ಎಂದು ಸ್ಟೋರೇ ಕೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಮಾಡಿದವರು ಹಳೆಯದನ್ನು ಉಳಿಸಿದ್ದರೆ ಪ್ಲೇ ಸ್ಟೋರ್ ತಾನೇ ಅದನ್ನು ಕೊಡುತ್ತದೆ. ಇಲ್ಲದಿದ್ದರೆ ಜನ ಎಪಿಕೆ ಫೈಲ್, ಅಂದರೆ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕುವ ಫೈಲ್, ಹುಡುಕಲು ಹೊರಡುತ್ತಾರೆ. ಅಲ್ಲಿಂದಲೇ ಅಪಾಯ ಶುರು.

ವಾಟ್ಸಾಪಿನಲ್ಲಿ ಬರುವ ಎಪಿಕೆಯನ್ನು ಯಾವತ್ತೂ ಇನ್‌ಸ್ಟಾಲ್ ಮಾಡಬೇಡಿ. ವಾಹನದ ದಂಡದ ನೋಟಿಸು, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ಇಂಥ ಫೈಲುಗಳು ಓಡಾಡುತ್ತವೆ. ನಿಮಗೆ ಗೊತ್ತಿರುವವರ ನಂಬರಿನಿಂದಲೇ ಬರಬಹುದು, ಅವರ ಫೋನ್ ಮೊದಲೇ ಕೆಟ್ಟವರ ಕೈಗೆ ಹೋಗಿರುತ್ತದೆ. ಒಮ್ಮೆ ಒಳಗೆ ಬಂದರೆ ಓಟಿಪಿ ಓದುವುದು ಅದಕ್ಕೆ ಕಷ್ಟವಲ್ಲ. ಹಾಡು, ವಿಡಿಯೋ ಹಾಕುವ ಆ್ಯಪ್ ಬೇಕಿದ್ದರೆ ವಿಎಲ್‌ಸಿಯಂಥವು ತುಂಬಾ ಹಳೆ ಆಂಡ್ರಾಯ್ಡ್‌ಗೂ ಸಿಗುತ್ತವೆ. ಮುಕ್ತ ತಂತ್ರಾಂಶಗಳನ್ನು ಎಫ್-ಡ್ರಾಯ್ಡ್ ಎಂಬ ಸ್ಟೋರಿನಿಂದ ತೆಗೆದುಕೊಳ್ಳಬಹುದು. ಬ್ಯಾಂಕಿನ ಆ್ಯಪನ್ನು ಮಾತ್ರ ಅಧಿಕೃತ ಸ್ಟೋರ್ ಬಿಟ್ಟು ಎಲ್ಲಿಂದಲೂ ಬೇಡ.

ಮೂರನೆಯದು ಲೈಟ್ ಆ್ಯಪುಗಳು. ಹಿಂದೆ ನಾನೇ ಎಲ್ಲರಿಗೂ ಇವನ್ನು ಹೇಳುತ್ತಿದ್ದೆ. ಈಗ ಉಳಿದಿರುವುದು ಕಡಿಮೆ. ಯೂಟ್ಯೂಬ್ ಗೋ 2022ರಲ್ಲಿ ನಿಂತಿತು, ಮೆಸೆಂಜರ್ ಲೈಟ್ 2023ರಲ್ಲಿ. ಫೇಸ್‌ಬುಕ್ ಲೈಟ್ ಇದೆ. ಇವು ಜಾಗ ಮತ್ತು ಡೇಟಾ ಉಳಿಸುತ್ತವೆ, ಭದ್ರತೆ ಹೆಚ್ಚಿಸುವುದಿಲ್ಲ.

ನಾಲ್ಕನೆಯದು ಓಎಸ್ಸನ್ನೇ ಬದಲಾಯಿಸುವುದು. ಲಿನಿಯೇಜ್ ಓಎಸ್ ಎಂಬುದನ್ನು ಹಾಕಿ ಆಂಡ್ರಾಯ್ಡ್ 7ರ ಫೋನನ್ನು 11ಕ್ಕೋ ಅದಕ್ಕಿಂತ ಮೇಲಕ್ಕೋ ತಂದವರಿದ್ದಾರೆ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಇದು ಒಳ್ಳೆಯ ಕಲಿಕೆ. ಆದರೆ ಎಲ್ಲ ಮಾಡೆಲಿಗೂ ಸಿಗುವುದಿಲ್ಲ, ಓಎಸ್ ಬದಲಾಯಿಸಲು ಬೂಟ್‌ಲೋಡರ್ ಎಂಬ ಬೀಗ ತೆರೆದಾಗ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆಯಿಂದಾಗಿ ಎಷ್ಟೋ ಬ್ಯಾಂಕ್ ಆ್ಯಪುಗಳು ಅಂಥ ಫೋನಿನಲ್ಲಿ ತೆರೆಯಲು ಒಪ್ಪುವುದಿಲ್ಲ. ತೋಟದ ಮನೆಯಲ್ಲಿ ಯಕ್ಷಗಾನದ ವಿಡಿಯೋ ನೋಡಲು ಇಟ್ಟ ಫೋನಿಗಾದರೆ ಮಾಡಿ. ಅಮ್ಮ ದಿನಾ ಉಪಯೋಗಿಸುವ ಫೋನಿಗೆ ಬೇಡ.

ಕೀಪ್ಯಾಡ್ ಫೋನಿನವರ ಪಾಡು

ಜಿಯೋಫೋನ್ ಬಂದಾಗ ಹಿರಿಯರಿಗೆ ಅದು ವರವಾಗಿತ್ತು. ಕಾಯ್‌ಓಎಸ್ ಎಂಬುದರ ಮೇಲೆ ಓಡುತ್ತಿತ್ತು, 2018ರಲ್ಲಿ ವಾಟ್ಸಾಪ್ ಕೂಡ ಬಂತು. 2025ರಲ್ಲಿ ವಾಟ್ಸಾಪ್ ಅದನ್ನು ಕೈಬಿಟ್ಟಿತು. ಮೊಮ್ಮಕ್ಕಳ ಫೋಟೋ ನೋಡಲೆಂದೇ ಆ ಫೋನ್ ಇಟ್ಟುಕೊಂಡವರಿಗೆ ಇದು ನಿಜವಾದ ನಷ್ಟ, ಅದಕ್ಕೆ ಅಡ್ಡದಾರಿ ಯಾವುದೂ ಇಲ್ಲ. ಫೋಟೋ ಬೇಕೇ ಬೇಕೆಂದರೆ ಟಚ್ ಫೋನಿಗೆ ಬದಲಾಗಬೇಕು.

ದುಡ್ಡಿನ ಕೆಲಸಕ್ಕೆ ಮಾತ್ರ ಕೀಪ್ಯಾಡ್ ಫೋನ್ ಸೋತಿಲ್ಲ. ಯುಪಿಐ 123ಪೇ ಎಂಬುದನ್ನು ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ತಂದಿತು. ನಂಬರಿಗೆ ಕರೆ ಮಾಡಿ ಅಥವಾ ಮಿಸ್ಡ್ ಕಾಲ್ ಕೊಟ್ಟು ಹಣ ಕಳಿಸುವ ವ್ಯವಸ್ಥೆ ಅದು, ಇಂಟರ್ನೆಟ್ ಬೇಡ. ಒಂದು ಸಲಕ್ಕೆ ಕಳಿಸಬಹುದಾದ ಮೊತ್ತವನ್ನು 5000 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಿದ್ದಾರೆ. *99# ಒತ್ತಿ ಬ್ಯಾಲೆನ್ಸ್ ನೋಡುವ ಹಳೆಯ ದಾರಿಯೂ ಇದೆ. ಅದು ಎಲ್ಲ ಕಂಪನಿಯ ಸಿಮ್ಮಿನಲ್ಲೂ ಒಂದೇ ಥರ ಓಡುವುದಿಲ್ಲ, ಒತ್ತಿ ನೋಡಿ ನಂಬಬೇಕು. ಅಪ್‌ಡೇಟ್ ನಿಂತ ಟಚ್ ಫೋನಿನಲ್ಲಿ ಯುಪಿಐ ಇಡುವುದಕ್ಕಿಂತ ಅಜ್ಜನ ಕೀಪ್ಯಾಡಿನಲ್ಲಿ 123ಪೇ ಇಡುವುದು ಒಳ್ಳೆಯದು ಎಂಬ ಅಭಿಪ್ರಾಯ ನನ್ನದು. ಆ ಫೋನಿಗೆ ಎಪಿಕೆ ಹಾಕಲು ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ವಿಷಯ ನೆಟ್‌ವರ್ಕಿನದ್ದು. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಇಲ್ಲದ ಹಳೆ ಫೋನಿಗೆ ಜಿಯೋ ಸಿಮ್ ಹಾಕಿದರೆ ಸಾಮಾನ್ಯ ಕರೆಯೂ ಹೋಗುವುದಿಲ್ಲ. ಏರ್‌ಟೆಲ್ ತನ್ನ 3ಜಿ ಮುಚ್ಚಿದೆ. ಹಾಗಾಗಿ 3ಜಿಯವರೆಗೆ ಮಾತ್ರ ಇರುವ ಫೋನ್ ಏರ್‌ಟೆಲ್‌ನಲ್ಲಿ 2ಜಿಗೆ ಇಳಿಯುತ್ತದೆ. ‘ಆ್ಯಪ್ ತೆರೆಯುವುದಿಲ್ಲ’ ಎಂಬ ದೂರಿನಲ್ಲಿ ಎಷ್ಟೋ ಸಲ ಆ್ಯಪಿನ ತಪ್ಪಿರುವುದಿಲ್ಲ, ಡೇಟಾ ತೆವಳುತ್ತಿರುತ್ತದೆ.

ಗಲ್ಫಿಗೆ ಕರೆ, ಗಲ್ಫಿನಿಂದ ಫೋಟೋ

ನಮ್ಮೂರಿನಲ್ಲಿ ಕರೆಯ ಆ್ಯಪ್ ಆರಿಸುವಾಗ ಇನ್ನೊಂದು ತೊಡಕಿದೆ. ಯುಎಇಯಲ್ಲಿ ವಾಟ್ಸಾಪ್ ಮೆಸೇಜು ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪಿನಲ್ಲಿ ಮಾತಾಡಬೇಕು. ಹಾಗಾಗಿ ಮನೆಯಲ್ಲಿ ಎರಡು ಆ್ಯಪ್ ಬೇಕಾಗುತ್ತದೆ: ಮೆಸೇಜಿಗೊಂದು, ಕರೆಗೊಂದು. ಎರಡೂ ಅಮ್ಮನ ಫೋನಿನಲ್ಲಿ ಓಡುತ್ತವಾ ಎಂದು ಮೊದಲು ಪ್ಲೇ ಸ್ಟೋರಿನಲ್ಲಿ, ಅಮ್ಮನ ಫೋನಿನಿಂದಲೇ, ಹುಡುಕಿ ನೋಡಿ. ಮಗನ ಹೊಸ ಫೋನಿನಲ್ಲಿ ನೋಡಿದರೆ ಪ್ರಯೋಜನವಿಲ್ಲ. ಐಫೋನಿನ ಫೇಸ್‌ಟೈಮನ್ನು ಮನೆಯ ಕರೆಗೆ ನೆಚ್ಚಿಕೊಳ್ಳಬೇಡಿ. ಅದರ ಲಿಂಕನ್ನು ಆಂಡ್ರಾಯ್ಡ್ ಬ್ರೌಸರಿನಲ್ಲಿ ತೆರೆಯುವ ಸೌಲಭ್ಯ ಐಓಎಸ್ 15ರಿಂದ ಇದೆ, ಆದರೆ ಅದಕ್ಕೆ ಹೊಸ ಬ್ರೌಸರ್ ಬೇಕು. ಹಳೆ ಫೋನಿನವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಫೋಟೋ ವಿಷಯಕ್ಕೆ ಬರುತ್ತೇನೆ. 2017ರ ಐಓಎಸ್ 11ರಿಂದ ಐಫೋನ್ 7 ಮತ್ತು ಅದರ ನಂತರದವು ಫೋಟೋವನ್ನು ಜೆಪೆಗ್ ಬದಲು ಹೈಕ್ ಎಂಬ ರೂಪದಲ್ಲಿ ಉಳಿಸುತ್ತವೆ. ಆಂಡ್ರಾಯ್ಡ್ ಅದನ್ನು ತೆರೆಯಲು ಕಲಿತದ್ದು 9ರಿಂದ. ವಾಟ್ಸಾಪಿನಲ್ಲಿ ಫೋಟೋ ಎಂದೇ ಕಳಿಸಿದರೆ ತೊಂದರೆ ಇಲ್ಲ, ದಾರಿಯಲ್ಲಿ ಅದು ಜೆಪೆಗ್ ಆಗಿಬಿಡುತ್ತದೆ. ಆಧಾರ್ ಕಾರ್ಡು, ಮದುವೆ ಫೋಟೋ ಚೆನ್ನಾಗಿ ಕಾಣಲಿ ಎಂದು ಡಾಕ್ಯುಮೆಂಟ್ ಆಗಿ ಕಳಿಸಿದಾಗ ಹೈಕ್ ಹಾಗೇ ಬರುತ್ತದೆ, ಹಳೆ ಫೋನಿನಲ್ಲಿ ತೆರೆಯುವುದಿಲ್ಲ. ಕಳಿಸುವವರ ಐಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದೆ ತೆಗೆಯುವ ಫೋಟೋಗಳೆಲ್ಲ ಜೆಪೆಗ್. ಒಮ್ಮೆ ಮಾಡಿದರೆ ಸಾಕು, ಮನೆಯವರೆಲ್ಲ ಬಚಾವ್.

ಅಕ್ಷರದ್ದೂ ಹೀಗೇ. ಕನ್ನಡ, ಮಲಯಾಳಂ ಎರಡೂ ಆಂಡ್ರಾಯ್ಡ್ 5ರ ಮೇಲಿನ ಫೋನುಗಳಲ್ಲಿ ಚೆನ್ನಾಗಿ ಕಾಣುತ್ತವೆ. ಹೊಸ ಇಮೋಜಿಗಳು ಹಳೆ ಫೋನಿನಲ್ಲಿ ಬರೀ ಚೌಕವಾಗಿ ಬರುತ್ತವೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಫೋನು, ಕಂಪ್ಯೂಟರುಗಳ ಅಕ್ಷರಗಳ ಜಾಗತಿಕ ಪಟ್ಟಿಯಾದ ಯುನಿಕೋಡ್‌ನ 16ನೇ ವರ್ಷನ್‌ಗೆ ಸೇರಿತು, ನನಗೆ ತುಂಬಾ ಖುಷಿಯಾದ ಸುದ್ದಿ ಅದು. ಆದರೆ ಆ ಲಿಪಿಯಲ್ಲಿ ಮೆಸೇಜು ಕಳಿಸಿದರೆ ಅದರ ಫಾಂಟ್ ಇಲ್ಲದ ಫೋನುಗಳಲ್ಲಿ ಚೌಕಗಳ ಸಾಲೇ ಕಾಣುವುದು. ಹಿರಿಯರಿಗೆ ತುಳುವಿನಲ್ಲಿ ಬರೆಯುವಾಗ ಸದ್ಯಕ್ಕೆ ಕನ್ನಡ ಲಿಪಿಯೇ ಸರಿ.

ಗಲ್ಫಿನ ಹಳೆ ಐಫೋನಾ, ಇಲ್ಲಿಯ ಹೊಸ ಆಂಡ್ರಾಯ್ಡಾ?

ಬದಲಾಯಿಸಲೇಬೇಕು ಅಂತಾದಾಗ ನಮ್ಮ ಮನೆಗಳಲ್ಲಿ ಎದುರಾಗುವ ಪ್ರಶ್ನೆ ಇದೇ. ಐಫೋನ್ 11ಕ್ಕಿಂತ ಮೇಲಿನದ್ದು ಮನೆಯವರಿಂದ ಸಿಗುತ್ತದೆ, ಬ್ಯಾಟರಿ ಪರವಾಗಿಲ್ಲ ಎಂದಾದರೆ ತೆಗೆದುಕೊಳ್ಳಿ. 8, ಎಕ್ಸ್ ಆದರೆ ವಾಟ್ಸಾಪ್ ಓಡುತ್ತದೆ, ಆದರೆ ದುಡ್ಡಿನ ಕೆಲಸಕ್ಕೆ ನಾನು ಹೇಳುವುದಿಲ್ಲ. ಅವು ಒಂದೇ ಸಿಮ್ಮಿನವು ಕೂಡ. ಮನೆಗೊಂದು, ಮಂಗಳೂರಿಗೊಂದು ಎಂದು ಎರಡು ಸಿಮ್ ಇಟ್ಟುಕೊಂಡವರಿಗೆ, ಅದರಲ್ಲೂ ಬ್ಯಾಂಕಿನ ನಂಬರ್ ಬೇರೆ ಇದ್ದವರಿಗೆ, ಇದು ದಿನನಿತ್ಯದ ಕಿರಿಕಿರಿ.

ಗಲ್ಫಿನಿಂದ ಬರುವ ಐಫೋನಿನಲ್ಲಿ ಎರಡು ಗಂಟುಗಳಿರುತ್ತವೆ. ಒಂದು, ಆಪಲ್ ಐಡಿ ಅಲ್ಲಿಯ ದೇಶದ ಸ್ಟೋರಿಗೆ ಸೇರಿರುತ್ತದೆ. ಇಲ್ಲಿಯ ಕೆಲವು ಬ್ಯಾಂಕ್ ಆ್ಯಪುಗಳು ಆ ಸ್ಟೋರಿನಲ್ಲಿ ಸಿಗುವುದೇ ಇಲ್ಲ. ‘ಹಳೆ ಓಎಸ್ ಆದ್ದರಿಂದ ಬರುವುದಿಲ್ಲ’ ಎಂದು ಜನ ತಿಳಿದುಕೊಳ್ಳುತ್ತಾರೆ. ಅಪ್ಪನ ಹೆಸರಿನಲ್ಲಿ ಭಾರತದ ಹೊಸ ಐಡಿ ಮಾಡಿದರೆ ಆ್ಯಪ್ ಬರುತ್ತದೆ. ಎರಡು, ಆಕ್ಟಿವೇಶನ್ ಲಾಕ್. ಕಳಿಸುವ ಮೊದಲು ಮಗ ತನ್ನ ಐಡಿಯಿಂದ ಸೈನ್ ಔಟ್ ಆಗಿರಬೇಕು, ‘ಫೈಂಡ್ ಮೈ’ ಬಂದ್ ಮಾಡಿರಬೇಕು. ಇಲ್ಲದಿದ್ದರೆ ಇಲ್ಲಿ ರೀಸೆಟ್ ಮಾಡಿದ ಕೂಡಲೇ ಅವನ ಪಾಸ್‌ವರ್ಡ್ ಕೇಳುತ್ತದೆ. ಆಂಡ್ರಾಯ್ಡ್ 5.1ರ ನಂತರದ ಫೋನುಗಳಲ್ಲೂ ಗೂಗಲ್ ಖಾತೆಯ ಇಂಥದ್ದೇ ಬೀಗ ಇದೆ. ಇದು ಕಳ್ಳರನ್ನು ತಡೆಯಲು ಮಾಡಿದ್ದು, ಒಳ್ಳೆಯದೇ. ಫೋನ್ ಪೆಟ್ಟಿಗೆಗೆ ಹಾಕುವ ಮೊದಲು ಅಲ್ಲಿಂದಲೇ ಬಿಡಿಸಿ ಕಳಿಸಲು ಹೇಳಿ.

ಇಲ್ಲಿಯೇ ಹೊಸ ಆಂಡ್ರಾಯ್ಡ್ ತೆಗೆಯುವುದಾದರೆ, ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದ ಮೆಗಾಪಿಕ್ಸೆಲ್ ನೋಡಬೇಡಿ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. ಪಿಕ್ಸೆಲ್ 8ರಿಂದ ಗೂಗಲ್, ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್ ಏಳು ವರ್ಷದ ಮಾತು ಕೊಟ್ಟಿವೆ. ಅವು ದುಬಾರಿ. ಆದರೆ 2024ರಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಯಂಥ ಕಡಿಮೆ ಬೆಲೆಯ ಫೋನಿಗೂ ಆರು ವರ್ಷ ಎಂದಿದ್ದಾರೆ. ಹೀಗೆ ಮಾತು ಕೊಟ್ಟ ಫೋನು, ಸ್ವಲ್ಪ ನಿಧಾನ ಇದ್ದರೂ ಪರವಾಗಿಲ್ಲ, ನನ್ನ ಮೊದಲ ಆಯ್ಕೆ. ಒಂದು ಎಚ್ಚರ: ಈ ವರ್ಷಗಳ ಎಣಿಕೆ ನೀವು ತೆಗೆದ ದಿನದಿಂದ ಅಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಓಣಂ, ದೀಪಾವಳಿಯ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾಡೆಲಿಗೆ ಅಷ್ಟು ಆಯುಷ್ಯ ಕಳೆದೇ ಲೆಕ್ಕ ಹಾಕಬೇಕು.

ಆಂಡ್ರಾಯ್ಡ್‌ನಿಂದ ಐಫೋನಿಗೆ, ಅಥವಾ ಅದರ ಉಲ್ಟಾ ಹೋಗುವವರು ವಾಟ್ಸಾಪಿನ ಹಳೆ ಮೆಸೇಜುಗಳ ಬಗ್ಗೆ ಮೊದಲೇ ಯೋಚಿಸಿ. ಆಂಡ್ರಾಯ್ಡ್‌ನ ಬ್ಯಾಕಪ್ ಗೂಗಲ್‌ನಲ್ಲಿ, ಐಫೋನಿನದ್ದು ಐಕ್ಲೌಡ್‌ನಲ್ಲಿ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಆಂಡ್ರಾಯ್ಡ್‌ನಿಂದ ಐಫೋನಿಗೆ ಸಾಗಿಸಲು ‘ಮೂವ್ ಟು ಐಓಎಸ್’ ಇದೆ. 2022ರಿಂದ ಅದು ವಾಟ್ಸಾಪನ್ನೂ ಒಯ್ಯುತ್ತದೆ. ಹೊಸ ಐಫೋನನ್ನು ಮೊದಲ ಸಲ ಚಾಲೂ ಮಾಡುವಾಗಲೇ ಈ ಕೆಲಸ ಮಾಡಬೇಕು. ಅಂಗಡಿಯವರು ಅವಸರದಲ್ಲಿ ಸೆಟಪ್ ಮುಗಿಸಿ ಕೈಗೆ ಕೊಟ್ಟರೆ ಮತ್ತೆ ರೀಸೆಟ್ ಮಾಡುವುದೊಂದೇ ದಾರಿ. ಸೆಟಪ್ ಮಾಡಬೇಡಿ, ಮನೆಗೆ ಹೋಗಿ ಮಾಡುತ್ತೇವೆ ಎಂದು ಬಾಯಿಬಿಟ್ಟು ಹೇಳಿ.

ಹೊಸದು ಬಂದ ಮೇಲೆ ಹಳೆಯದನ್ನು ಕೂಡಲೇ ಕೊಡಬೇಡಿ. ಹಳೆ ಆ್ಯಪ್ ಹೊಸ ಫೋನಿನಲ್ಲಿ ಓಡದಿರುವುದೂ ಉಂಟು. ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಕಾಲಕ್ಕೆ ಬರೆದ ಆ್ಯಪುಗಳನ್ನು ಇನ್‌ಸ್ಟಾಲ್ ಮಾಡಲು ಆಂಡ್ರಾಯ್ಡ್ 14 ಬಿಡುವುದಿಲ್ಲ. ಪಿಕ್ಸೆಲ್ 7ರಂಥ ಫೋನುಗಳಲ್ಲಿ 32-ಬಿಟ್ ಎಂಬ ಹಳೆ ಬಗೆಯ ಆ್ಯಪುಗಳು ಓಡುವುದೇ ಇಲ್ಲ. ಯಾರೋ ಆಸ್ಥೆಯಿಂದ ಮಾಡಿ ಬಿಟ್ಟ ಹಳೆ ಪಂಚಾಂಗ, ಭಜನೆ, ನಿಘಂಟಿನ ಆ್ಯಪುಗಳು ಇದಕ್ಕೆ ಸಿಕ್ಕಿಬೀಳುತ್ತವೆ. ಅಂಥದ್ದಿದ್ದರೆ ಸಿಮ್ ತೆಗೆದು, ಬ್ಯಾಂಕಿನ ಆ್ಯಪುಗಳನ್ನು ಅಳಿಸಿ, ಗೂಗಲ್ ಖಾತೆಯನ್ನೂ ತೆಗೆದು, ವೈಫೈ ಬಂದ್ ಮಾಡಿ ಹಳೆ ಫೋನನ್ನು ಅದೊಂದಕ್ಕೇ ಇಟ್ಟುಕೊಳ್ಳಿ. ಕೊಡುವುದೇ ಆದರೆ ಮೊದಲು ಖಾತೆ ತೆಗೆಯಿರಿ, ಆಮೇಲೆ ರೀಸೆಟ್. ಈ ಕ್ರಮ ತಪ್ಪಿದರೆ ಬೀಗ ಉಳಿದುಬಿಡಬಹುದು, ಕೊಂಡವರು ನಿಮ್ಮ ಮನೆ ಹುಡುಕಿಕೊಂಡು ಬರಬೇಕಾದೀತು.